ವ್ಹೀಲ್‌ಚೇರಿನಿಂದ ಎದ್ದು ನಿಂತ ಆ ಅಜ್ಜ: ಅಮೆರಿಕದ ರಾಜಕಾರಣಿಗಳ ನೋವಿನ ಕಥೆ ನಿಜಾನಾ, ನಾಟಕಾನಾ?

ತುಂಗಾತೀರ
ಮೊನ್ನೆ ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲ್ ಹಿಡಿದು ಏನೇನೋ ನೋಡುತ್ತಾ ಕೂತಿದ್ದಾಗ ಒಂದು ಹಳೇ ವಿಡಿಯೊ ಸಿಕ್ಕಿತು. 2012ರ ಡಿಸೆಂಬರ್, ವಾಷಿಂಗ್ಟನ್ನಿನ ಕ್ಯಾಪಿಟಲ್ ಅನ್ನುವ ಸಂಸತ್ ಭವನದ ದೊಡ್ಡ ಗುಮ್ಮಟದ ಕೆಳಗೆ ಒಂದು ಶವಪೆಟ್ಟಿಗೆ. 89 ವರ್ಷದ ಒಬ್ಬ ಅಜ್ಜ ವ್ಹೀಲ್‌ಚೇರಿನಲ್ಲಿ ಬರುತ್ತಾರೆ. ಪೆಟ್ಟಿಗೆಗೆ ಸ್ವಲ್ಪ ದೂರ ಇರುವಾಗ ಕುರ್ಚಿಯಿಂದ ಏಳುತ್ತಾರೆ. ಯಾರೋ ತೋಳು ಹಿಡಿದುಕೊಳ್ಳುತ್ತಾರೆ. ಒಂದೊಂದೇ ಹೆಜ್ಜೆ ಇಟ್ಟು ಹೋಗಿ ಎಡಗೈಯಲ್ಲಿ ಸೆಲ್ಯೂಟ್ ಹೊಡೆಯುತ್ತಾರೆ. "ನಾನು ವ್ಹೀಲ್‌ಚೇರಿನಲ್ಲಿರೋದನ್ನ ಡ್ಯಾನಿ ನೋಡೋದು ನನಗೆ ಬೇಡ" ಅಂತ ಹೇಳಿದರಂತೆ.

ಆ ಅಜ್ಜ ಬಾಬ್ ಡೋಲ್, ಮಾಜಿ ಸೆನೆಟರ್ (ಸಂಸತ್ತಿನ ಮೇಲ್ಮನೆ ಸದಸ್ಯ), ರಿಪಬ್ಲಿಕನ್. ಪೆಟ್ಟಿಗೆಯಲ್ಲಿದ್ದವರು ಹವಾಯಿಯ ಸೆನೆಟರ್ ಡೇನಿಯಲ್ ಇನೋಯೆ, ಡೆಮಾಕ್ರಟ್. ಎದುರಾ ಎದುರು ಪಕ್ಷ!

ನಾನಂತೂ ಕಣ್ಣು ಒರೆಸಿಕೊಂಡೆ. ಬೆಳಿಗ್ಗೆ ಕಾಫಿ ಕುಡಿಯುವಾಗ ನಮ್ಮ ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ "ಅಲ್ಲಿನವರಿಗೆ ಕ್ಯಾಮೆರಾ ಕಂಡ್ರೆ ಸಾಕು, ಅಳೋದಕ್ಕೆ ಶುರು ಮಾಡ್ತಾರೆ" ಅಂದುಬಿಟ್ಟರು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಅಮೆರಿಕದ ರಾಜಕಾರಣದಲ್ಲಿ ಯುದ್ಧದ ಗಾಯ, ಸತ್ತ ಮಗ, ಕ್ಯಾನ್ಸರ್, ಗುಂಡೇಟು ಇವೆಲ್ಲ ಇಷ್ಟೊಂದು ಯಾಕೆ ಕೇಳಿಬರುತ್ತವೆ? ಧೈರ್ಯವೇ ನಿಜಾನಾ, ಇಲ್ಲ ಓಟಿಗೆ ಹಾಕಿದ ಬಂಡವಾಳಾನಾ? ಗೊತ್ತಿರುವವರು ಹೇಳಿ.

ಬೆಂಕಿಪೊಟ್ಟಣ
ನನ್ನ ಓಟು ನಿಮ್ಮ ಯಜಮಾನರಿಗೆ.

ಹಳೇಮೇಷ್ಟ್ರು
ತುಂಗಾ ಅವರೇ, ನೀವು ನೋಡಿದ್ದು ಕೊನೆಯ ಸೀನು. ಮೊದಲ ಸೀನು ಗೊತ್ತಾದರೆ ಇನ್ನೂ ಚೆನ್ನಾಗಿರುತ್ತದೆ.

1945ರ ಏಪ್ರಿಲ್. ಇಟಲಿಯ ಬೆಟ್ಟಗಳಲ್ಲಿ ಯುದ್ಧ ಮುಗಿಯುವ ಹೊತ್ತು. 14ನೇ ತಾರೀಕು ಡೋಲ್ ಅವರ ಬಲ ಭುಜಕ್ಕೆ ಏಟು ಬಿತ್ತು. ಒಂದು ವಾರ ಕಳೆದು 21ನೇ ತಾರೀಕು ಅದೇ ಇಟಲಿಯ ಇನ್ನೊಂದು ಕಡೆ ಇನೋಯೆಗೆ ಏಟು. ಅವರ ಕಥೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಗ್ರೆನೇಡ್ ಎಸೆಯಲು ಬಲಗೈ ಎತ್ತಿದ್ದರು, ಅಷ್ಟರಲ್ಲಿ ಶತ್ರುವಿನ ಏಟಿಗೆ ಆ ತೋಳೇ ಹರಿದು ನೇತಾಡಿತು. ಬೆರಳುಗಳು ಮಾತ್ರ ಗ್ರೆನೇಡನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದವು. ಎಡಗೈಯಲ್ಲಿ ಆ ಬೆರಳುಗಳನ್ನು ಬಿಡಿಸಿ, ಗ್ರೆನೇಡ್ ಕಿತ್ತು ಎಸೆದರು. ಸರ್ಜನ್ ಆಗಬೇಕು ಅಂತ ಆಸೆಯಿದ್ದ ಹುಡುಗ ಅವರು. ಬಲಗೈ ಇಲ್ಲದೆ ಎಲ್ಲಿಯ ಸರ್ಜನ್?

ಇಬ್ಬರೂ ಮಿಷಿಗನ್ನಿನ ಬ್ಯಾಟಲ್ ಕ್ರೀಕ್‌ನಲ್ಲಿದ್ದ ಸೇನಾ ಆಸ್ಪತ್ರೆ ಸೇರಿದರು. ಮುಂದೆ ಏನು ಮಾಡುತ್ತೀಯ ಅಂತ ಇನೋಯೆ ಕೇಳಿದರಂತೆ. ಡೋಲ್ ಪೂರಾ ಲೆಕ್ಕ ಒಪ್ಪಿಸಿದರು: ಲಾ ಓದುತ್ತೇನೆ, ಊರಿನ ಅಟಾರ್ನಿ ಆಗುತ್ತೇನೆ, ರಾಜ್ಯದ ಶಾಸನಸಭೆಗೆ ಹೋಗುತ್ತೇನೆ, ಆಮೇಲೆ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು. ಇನೋಯೆಗೆ ಆ ಪ್ಲಾನ್ ಹಿಡಿಸಿತು. 1959ರಲ್ಲಿ ಹವಾಯಿ ರಾಜ್ಯವಾದಾಗ ಮೊದಲು ಕಾಂಗ್ರೆಸ್ಸಿಗೆ ಹೋದದ್ದು ಇನೋಯೆ, ಡೋಲ್ ಬಂದದ್ದು 1961ಕ್ಕೆ. "ಬಾಬ್, ನಾನಿಲ್ಲಿ ಬಂದಾಯ್ತು, ನೀನೆಲ್ಲಿ?" ಅಂತ ರೇಗಿಸಿದರಂತೆ.

ಆ ಆಸ್ಪತ್ರೆಯಲ್ಲೇ ಫಿಲಿಪ್ ಹಾರ್ಟ್ ಅನ್ನುವ ಇನ್ನೊಬ್ಬ ಗಾಯಾಳುವೂ ಇದ್ದರು. ಮುಂದೆ ಅವರೂ ಸೆನೆಟರ್ ಆದರು. ಒಂದೇ ಆಸ್ಪತ್ರೆಯಿಂದ ಮೂವರು! ಈಗ ಆ ಕಟ್ಟಡಕ್ಕೆ ಮೂವರ ಹೆಸರನ್ನೂ ಇಟ್ಟಿದ್ದಾರೆ.

ಚುರುಮುರಿ
ಮೇಷ್ಟ್ರೇ, ಇನೋಯೆ ಅಂತ ಓದಿದಾಗಲೆಲ್ಲ ಇನ್ನೋವಾ ಕಾರ್ ಕಣ್ಮುಂದೆ ಬರುತ್ತೆ, ಕ್ಷಮಿಸಿ 😄 ಅವರ ಕೈ ಹೋಗಿದ್ದು ಪರ್ಲ್ ಹಾರ್ಬರ್‌ನಲ್ಲಿ ಅಲ್ವಾ? ಎಲ್ಲೋ ಓದಿದ ನೆನಪು.

ಹಳೇಮೇಷ್ಟ್ರು
ಅಲ್ಲ ಕಣಪ್ಪ. ಪರ್ಲ್ ಹಾರ್ಬರ್ ದಾಳಿ ಆದಾಗ ಅವರಿಗೆ 17. ಹೊನೊಲುಲುವಿನಲ್ಲೇ ಇದ್ದರು, ಗಾಯಾಳುಗಳ ಪ್ರಥಮ ಚಿಕಿತ್ಸೆಗೆ ಓಡಿದರು. ಆಮೇಲೆ ಅವರಂಥ ಜಪಾನಿ ಮೂಲದ ಅಮೆರಿಕನ್ನರನ್ನೆಲ್ಲ ಸರ್ಕಾರ ಶತ್ರುಗಳ ಪಟ್ಟಿಗೆ ಸೇರಿಸಿತು. 1943ರಲ್ಲಿ ಸೇನೆಗೆ ಸೇರಲು ಅವಕಾಶ ಕೊಟ್ಟಾಗ ಇವರು 442ನೇ ರೆಜಿಮೆಂಟಿಗೆ ಹೋದರು, ಬಹುತೇಕ ಜಪಾನಿ ಅಮೆರಿಕನ್ ಹುಡುಗರದೇ ಪಡೆ ಅದು. ಕೈ ಕಳಕೊಂಡದ್ದು ಇಟಲಿಯಲ್ಲಿ.

ಯುದ್ಧ ಮುಗಿಸಿ ಮನೆಗೆ ಹೊರಟಿದ್ದಾಗ ಸ್ಯಾನ್ ಫ್ರಾನ್ಸಿಸ್ಕೊ ಕಡೆ ಒಂದು ಕ್ಷೌರದಂಗಡಿಗೆ ಹೋದರು. ಮೈಮೇಲೆ ಯೂನಿಫಾರ್ಮು, ಎದೆ ತುಂಬ ರಿಬ್ಬನ್ನು, ಬಲಗಡೆ ತೋಳೇ ಇಲ್ಲ. ಅಂಗಡಿಯವನು ಮುಖ ನೋಡಿ "ಜಪಾನಿಗಳ ಕೂದಲು ಕತ್ತರಿಸೋದಿಲ್ಲ" ಅಂದ. ಇವರು ಏನೂ ಮಾಡದೆ ಎದ್ದು ಬಂದರು. ಅಲ್ಲಿನ ಅತಿ ದೊಡ್ಡ ಸೇನಾ ಪದಕ ಮೆಡಲ್ ಆಫ್ ಆನರ್ ಸಿಗೋದಕ್ಕೆ 2000ನೇ ಇಸವಿ ತನಕ ಕಾಯಬೇಕಾಯಿತು. 55 ವರ್ಷ.

ಎಡಿಸನ್ ಅಕ್ಕ
ಮೇಷ್ಟ್ರೇ, ನೀವು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಆ ಕ್ಷೌರದಂಗಡಿ ವಿಷಯ ಬಂದಾಗ "ಅಮ್ಮಾ ಸ್ಟಾಪ್" ಅಂದಳು.

ನಾನು ನ್ಯೂಜೆರ್ಸಿಗೆ ಬಂದು 22 ವರ್ಷ ಆಯಿತು. ಇಲ್ಲಿ ಇಂಥ ಕಥೆಗಳು ಜಾಸ್ತಿ ಯಾಕೆ ಅಂದರೆ ಇಲ್ಲಿ ಜನ ಕೇಳುತ್ತಾರೆ, ಅಷ್ಟೇ. ನೀನು ಯಾರು, ನಿನ್ನ ಮೇಲೆ ಏನೇನು ಬಂತು, ಹೇಗೆ ತಡಕೊಂಡೆ ಅಂತ. ನಮ್ಮೂರಲ್ಲಿ ಯಾವ ಜಾತಿ, ಯಾರ ಮಗ ಅಂತ ಕೇಳುವ ಹಾಗೆ 😊

ಬೈಡನ್ ಕಥೆ ಎಲ್ಲರಿಗೂ ಗೊತ್ತಿರಬಹುದು. 1972ರ ನವೆಂಬರ್‌ನಲ್ಲಿ ಸೆನೆಟ್ ಗೆದ್ದಾಗ ಅವರಿಗೆ 29. ಡಿಸೆಂಬರ್ 18ಕ್ಕೆ ಕ್ರಿಸ್‌ಮಸ್ ಸಾಮಾನು ತರಲು ಹೋಗಿದ್ದ ಹೆಂಡತಿ, ಒಂದು ವರ್ಷದ ಮಗಳು ಅಪಘಾತದಲ್ಲಿ ಹೋಗಿಬಿಟ್ಟರು. ಗಂಡುಮಕ್ಕಳಿಬ್ಬರಿಗೂ ಏಟಾಗಿ ಆಸ್ಪತ್ರೆಯಲ್ಲಿದ್ದರು. ಪ್ರಮಾಣವಚನ ತಗೊಂಡದ್ದೂ ಅದೇ ಆಸ್ಪತ್ರೆಯಲ್ಲಿ. ಆಮೇಲೆ ವರ್ಷಾನುಗಟ್ಟಲೆ ರಾತ್ರಿ ಮಕ್ಕಳ ಹತ್ತಿರ ಇರಬೇಕು ಅಂತ ವಾಷಿಂಗ್ಟನ್ನಿಂದ ವಿಲ್ಮಿಂಗ್ಟನ್ನಿಗೆ ದಿನಾ ಆಮ್ಟ್ರಾಕ್ ರೈಲಿನಲ್ಲಿ ಓಡಾಟ. ಆ ಮಕ್ಕಳಲ್ಲಿ ದೊಡ್ಡವನು ಬೋ 2015ರಲ್ಲಿ ಮೆದುಳಿನ ಕ್ಯಾನ್ಸರಿನಿಂದ ಹೋದ. 46 ವರ್ಷ ಅಷ್ಟೇ.

ಕೋವಿಡ್ ಸಮಯದಲ್ಲಿ ನಮ್ಮ ತಂದೆ ಶಿವಮೊಗ್ಗದಲ್ಲಿ ತೀರಿಕೊಂಡರು. ನನಗೆ ಹೋಗಲಿಕ್ಕಾಗಲಿಲ್ಲ. ತಮ್ಮ ಫೋನ್ ಹಿಡಿದು ತೋರಿಸಿದ, ನೆಟ್‌ವರ್ಕ್ ಕಟ್ ಆಗಿ ಆಗಿ ಬರುತ್ತಿತ್ತು, ಬೆಂಕಿ ಇಡುವ ಹೊತ್ತಿಗೆ ಪರದೆ ನಿಂತೇ ಹೋಯಿತು. 2021ರ ಜನವರಿ 19ಕ್ಕೆ, ಅಧಿಕಾರ ವಹಿಸಿಕೊಳ್ಳುವ ಹಿಂದಿನ ಸಂಜೆ, ಬೈಡನ್ ಲಿಂಕನ್ ಸ್ಮಾರಕದ ಕೊಳದ ಹತ್ತಿರ ನಿಂತು ಸತ್ತ 4 ಲಕ್ಷ ಜನರಿಗೆ ದೀಪ ಹಚ್ಚಿಸಿದರು. ಮಾತು ಎರಡೇ ನಿಮಿಷ ಇರಬೇಕು. ನಾನು ಟಿವಿ ಮುಂದೆ ಕೂತು, ಮೊದಲ ಸಲ ಬಾಯಿ ಬಿಟ್ಟು ಅತ್ತೆ. ನಾಟಕ ಅಂತೀರಾ? ಅನ್ನಿ. ನನಗೆ ಬೇಕಾಗಿತ್ತು.

ಬೆಂಕಿಪೊಟ್ಟಣ
ಅಕ್ಕಾ, ನಿಮ್ಮ ನೋವಿನ ಬಗ್ಗೆ ನನ್ನದೇನೂ ಮಾತಿಲ್ಲ. ಆದರೆ ಬೈಡನ್ ಹೆಸರು ಎತ್ತಿದ್ದರಿಂದ ಒಂದು ಹೇಳಲೇಬೇಕು.

ಆ ಅಪಘಾತದಲ್ಲಿ ಎದುರಿದ್ದ ಟ್ರಕ್ಕಿನ ಡ್ರೈವರ್ ಕುಡಿದಿದ್ದ ಅನ್ನುವ ಅರ್ಥ ಬರುವ ಹಾಗೆ ಬೈಡನ್ ಸಭೆಗಳಲ್ಲಿ ಹೇಳಿದ್ದರು, 2007ರಲ್ಲೂ ಹೇಳಿದರು. ಅದಕ್ಕೆ ಪುರಾವೆಯೇ ಇರಲಿಲ್ಲ. ಆ ಮನುಷ್ಯನ ಮೇಲೆ ಕೇಸೂ ಆಗಿರಲಿಲ್ಲ. ಅವನು ಸತ್ತ ಮೇಲೆ ಅವನ ಮಗಳು ಬಂದು, ನಮ್ಮಪ್ಪ ಕುಡಿದಿರಲಿಲ್ಲ, ಆ ದಿನವನ್ನು ಸಾಯೋವರೆಗೂ ಮರೀಲಿಲ್ಲ ಅಂತ ಹೇಳಬೇಕಾಯಿತು. ಒಂದು ಕಥೆಯನ್ನು ವೇದಿಕೆ ಮೇಲೆ ನೂರು ಸಲ ಹೇಳಿದರೆ ಹೀಗೇ ಆಗೋದು. ಹೇಳ್ತಾ ಹೇಳ್ತಾ ಉಪ್ಪು ಖಾರ ಜಾಸ್ತಿ ಆಗುತ್ತೆ. ಇವರ ನೋವು ದೊಡ್ಡದಾಗಲಿಕ್ಕೆ ಇನ್ನೊಬ್ಬ ಬಡಪಾಯಿ ಕುಡುಕ ಆಗಬೇಕಾಯಿತು.

ಮಗನ ವಿಷಯದಲ್ಲೂ ಅಷ್ಟೇ. ಬೋ ಸತ್ತದ್ದು ಅಮೆರಿಕದ ಆಸ್ಪತ್ರೆಯಲ್ಲಿ. ಅಪ್ಪ ಕೆಲವು ಸಲ ಇರಾಕಿನಲ್ಲಿ ಸತ್ತ ಅಂದುಬಿಟ್ಟಿದ್ದಾರೆ.

ಎಡಿಸನ್ ಅಕ್ಕ
ಡ್ರೈವರ್ ವಿಷಯ ಸರಿ, ಅದು ತಪ್ಪೇ. ಆ ಮಗಳಿಗೆ ಆಮೇಲೆ ಫೋನ್ ಮಾಡಿ ಕ್ಷಮೆ ಕೇಳಿದರು ಅಂತ ಸುದ್ದಿ ಬಂದಿತ್ತು. ಆದರೂ ತಪ್ಪೇ.

ಇರಾಕ್ ಮಾತಿಗೆ ಹಿನ್ನೆಲೆ ಇದೆ. ಬೋ ಅಲ್ಲಿ ಸೇನೆಯಲ್ಲಿದ್ದ. ಅಲ್ಲಿ ಸೈನಿಕರ ಶಿಬಿರದ ಪಕ್ಕ ಕಸ, ಪ್ಲಾಸ್ಟಿಕ್ಕು, ಕೆಮಿಕಲ್ಲು ಎಲ್ಲ ದೊಡ್ಡ ಗುಂಡಿಗಳಲ್ಲಿ ಹಾಕಿ ಸುಡುತ್ತಿದ್ದರು. ಮಗನಿಗೆ ಆ ಹೊಗೆಯಿಂದಲೇ ಬಂತು ಅಂತ ಅಪ್ಪನ ನಂಬಿಕೆ. ಅಂಥ ಹೊಗೆ ಕುಡಿದ ಸೈನಿಕರ ಚಿಕಿತ್ಸೆಗೆ 2022ರ ಆಗಸ್ಟ್‌ನಲ್ಲಿ ಕಾನೂನು ಬಂತು. ಅದಕ್ಕೆ ಸಹಿ ಹಾಕಿದ್ದೂ ಇದೇ ಅಪ್ಪ. ಬರೀ ಕಥೆ ಹೇಳಿ ಮನೆಗೆ ಹೋಗಲಿಲ್ಲ.

ಧಾರವಾಡ ಫೇಡೆ
ಎಲ್ಲಾರೂ ಸೆನೆಟರ್ ಆಗಿದ್ದ ಜಾನ್ ಮೆಕೇನ್ ಅವರನ್ನ ಮರೆತೇಬಿಟ್ಟಿರಲ್ರೀ!

ವಿಯೆಟ್ನಾಂ ಯುದ್ಧದಾಗ, 1967ರ ಅಕ್ಟೋಬರ್ 26ಕ್ಕೆ ಹನೋಯ್ ಮೇಲೆ ಅವರ ವಿಮಾನ ಹೊಡೆದು ಉರುಳಿಸಿದರು. ಎರಡೂ ತೋಳು, ಒಂದು ಕಾಲು ಮುರಿದು ಕೆರೆಯೊಳಗೆ ಬಿದ್ದರು. ಎಳೆದು ದಡಕ್ಕೆ ಹಾಕಿದ ಜನ ಅಲ್ಲೇ ಮತ್ತೆ ಬಡಿದರು. ಐದೂವರೆ ವರ್ಷ ಸೆರೆ. ನಾನು ಹೇಳೋದು ಆ ಏಟಿನ ವಿಷಯ ಅಲ್ಲ ನೋಡ್ರಿ. 1968ರಲ್ಲಿ ಅವರಪ್ಪ ಪೆಸಿಫಿಕ್ ಸೇನೆಗೇ ಮುಖ್ಯಸ್ಥರಾದರು. ವಿಯೆಟ್ನಾಮಿನವರು "ದೊಡ್ಡವರ ಮಗ, ನೀ ಮನೆಗೆ ಹೋಗಪ್ಪ" ಅಂದರು. ಈತ ಒಲ್ಲೆ ಅಂದ. ಮೊದಲು ಸಿಕ್ಕವರು ಮೊದಲು ಹೋಗಬೇಕು ಅಂತ ಸೈನಿಕರ ನಿಯಮ, ನನಗಿಂತ ಮೊದಲಿನವರು ಇಲ್ಲೇ ಅದಾರ ಅಂತ. ಬಾಗಿಲು ತೆರೆದೇ ಇತ್ತು ನೋಡ್ರಿ! 1973ರ ಮಾರ್ಚಿನ ತನಕ ಒಳಗೇ ಕೂತ. ಜೀವನಪೂರ್ತಿ ಕೈ ಭುಜದ ಮೇಲೆ ಏಳಲಿಲ್ಲ, ತನ್ನ ತಲೆ ತಾನು ಬಾಚಿಕೊಳ್ಳಲಿಕ್ಕೆ ಆಗುತ್ತಿರಲಿಲ್ಲ.

ನಮ್ಮಲ್ಲಿ ಮಂತ್ರಿ ಮಗ ಟೋಲ್ ಗೇಟಿನಾಗ ಎರಡು ನಿಮಿಷ ನಿಲ್ಲೂದಿಲ್ಲ.

ಬೆಂಕಿಪೊಟ್ಟಣ
ಫೇಡೆ ಸರ್, ಅದೇ ಮೆಕೇನ್ ಚಿತ್ರಹಿಂಸೆಗೆ ಸೋತು, ನಾನು ಅಪರಾಧಿ ಅಂತ ಬರೆದ ಕಾಗದಕ್ಕೆ ಸಹಿ ಹಾಕಿದರು. ಮುಂದೆ ಸೆನೆಟರ್ ಆದಾಗ ಒಬ್ಬ ಬ್ಯಾಂಕ್ ಕುಳ ಕೀಟಿಂಗ್ ಪರವಾಗಿ ಅಧಿಕಾರಿಗಳ ಹತ್ತಿರ ಮಾತಾಡಲು ಹೋದ ಐದು ಜನರಲ್ಲಿ ಅವರೂ ಒಬ್ಬರು. ಇದನ್ನೂ ಬರೆಯಿರಿ.

ಧಾರವಾಡ ಫೇಡೆ
ಬರೆದೆ ಅಂತ ತಿಳ್ಕೊಳ್ರಿ. ಕೀಟಿಂಗ್ ವಿಷಯ ನಾಚಿಕೆಗೇಡು, ಅವರೇ ಒಪ್ಪಿಕೊಂಡರು. ಸಹಿ ವಿಷಯ ಬ್ಯಾರೆ. ನಾಲ್ಕು ದಿನ ಹೊಡೆಸಿಕೊಂಡು ಸಹಿ ಹಾಕಿದವರನ್ನ ನಾವು ಎಸಿ ರೂಮಿನಾಗ ಕೂತು ಸೋತರು ಅನ್ನಬಾರದು. ಒಬ್ಬರು ಹಂಗೇ ಅಂದರಲ್ಲ 2015ರಾಗ, ಸೆರೆ ಸಿಗದವರೇ ನನಗೆ ಇಷ್ಟ ಅಂತ. ಆಮೇಲೆ ಅವರೇ ಅಧ್ಯಕ್ಷರಾದರು.

ಕಾಫಿಪುಡಿ
ಮೆಕೇನ್ ಅಂದರೆ ನನಗೆ ಎರಡು ದೃಶ್ಯ. ಒಂದು 2008ರ ಅಕ್ಟೋಬರಿನದು, ಒಬಾಮಾ ಎದುರು ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾಗಿನ ಮಿನ್ನೆಸೋಟದ ಸಭೆ. ಒಬ್ಬ ಹೆಂಗಸು ಮೈಕ್ ಹಿಡಿದು ಒಬಾಮಾ ಅರಬ್ ಅಂದಳು. ಮೆಕೇನ್ ಮೈಕ್ ಕಿತ್ತುಕೊಂಡು, ಇಲ್ಲಮ್ಮ, ಅವರು ಮರ್ಯಾದಸ್ಥ ಸಂಸಾರಸ್ಥ, ಅವರ ಜತೆ ನನಗೆ ಅಭಿಪ್ರಾಯ ಭೇದ ಇದೆ ಅಷ್ಟೇ ಅಂದರು. ತಮ್ಮ ಕಡೆಯವರೇ ಕೂಗಾಡಿದರು.

ಇನ್ನೊಂದು 2017ರ ಜುಲೈ 28, ಬೆಳಗಿನ ಜಾವ. ಮೆದುಳಿನ ಕ್ಯಾನ್ಸರ್ ಗೊತ್ತಾಗಿ ಕೆಲವೇ ದಿನ ಆಗಿತ್ತು, ಹುಬ್ಬಿನ ಮೇಲೆ ಹೊಲಿಗೆ ಕಾಣುತ್ತಿತ್ತು. ಒಬಾಮಾರ ಆರೋಗ್ಯ ಕಾನೂನು ತೆಗೆದುಹಾಕುವ ಮಸೂದೆಗೆ ಹೆಬ್ಬೆರಳು ಕೆಳಗೆ ಮಾಡಿದರು. 49ಕ್ಕೆ 51, ಬಿತ್ತು. ಹವಾಯಿಯ ಸೆನೆಟರ್ ಮೇಜಿ ಹಿರೋನೊ ಅದೇ ರಾತ್ರಿ ಮಾತಾಡಿದ್ದರು, ಅವರಿಗೂ ಕಿಡ್ನಿ ಕ್ಯಾನ್ಸರ್, ನಾಲ್ಕನೇ ಹಂತ. ನನಗೆ ಕಾಯಿಲೆ ಅಂದಾಗ ನೀವೆಲ್ಲ ಪ್ರೀತಿಯಿಂದ ಪತ್ರ ಬರೆದಿರಿ, ಆ ಪ್ರೀತಿ ಈಗ ಎಲ್ಲಿ ಹೋಯಿತು ಅಂತ ಕೇಳಿದರು. ನಾನು ಇವತ್ತಿಗೂ ಆ ಭಾಷಣ ಆಗಾಗ ನೋಡುತ್ತೇನೆ.

ನೀಲಿಲಂಗ
"ಅರಬ್ ಅಲ್ಲ, ಮರ್ಯಾದಸ್ಥ" ಅಂದರೆ ಅರಬ್ ಆದವರು ಮರ್ಯಾದಸ್ಥರಲ್ವಾ? ಅದನ್ನು ಯಾರೂ ಕೇಳೋದಿಲ್ಲ.

ಕಾಫಿಪುಡಿ
ಸರಿಯಾದ ಪ್ರಶ್ನೆ. ಆದರೂ ಗೆಲ್ಲಬೇಕು ಅಂತ ನಿಂತವರು, ಚುನಾವಣೆಗೆ ಮೂರೇ ಮೂರು ವಾರ ಇರುವಾಗ ತಮ್ಮ ಓಟರಿಗೇ ಎದುರಾಡಿದರಲ್ಲ. ಅಷ್ಟಾದರೂ ಲೆಕ್ಕಕ್ಕೆ ಇಡಿ.

ಟೂಸಾನ್ ಬಿಸಿಲು
ನಾನು ಇಲ್ಲಿ ಸುಮ್ನೆ ಓದಿಕೊಂಡು ಹೋಗುವವನು, ಬರೆಯೋದು ಕಮ್ಮಿ. ಇವತ್ತು ಬರೆಯುತ್ತೇನೆ.

2011ರ ಜನವರಿ 8, ಶನಿವಾರ. ಆಗ ನಾನು ಟೂಸಾನಿನಲ್ಲಿ ಓದುತ್ತಿದ್ದೆ. ಸಂಸದೆ ಗ್ಯಾಬಿ ಗಿಫರ್ಡ್ಸ್ ಸೇಫ್‌ವೇ ಅಂಗಡಿ ಮುಂದೆ ಒಂದು ಮಡಚುವ ಮೇಜು ಹಾಕಿಕೊಂಡು ಜನರ ಕಷ್ಟಸುಖ ಕೇಳುತ್ತಿದ್ದರು. ದೊಡ್ಡ ಸಭೆ ಏನಲ್ಲ, ತರಕಾರಿ ತರಲು ಬಂದವರು ನಿಂತು ಮಾತಾಡಿ ಹೋಗಬಹುದು, ಹಾಗೆ. ಒಬ್ಬ ಬಂದು ಹತ್ತಿರದಿಂದ ಅವರ ತಲೆಗೇ ಗುಂಡು ಹೊಡೆದ. ಆರು ಜನ ಸತ್ತರು, ಫೆಡರಲ್ ನ್ಯಾಯಾಧೀಶರೊಬ್ಬರು, ಒಂಬತ್ತು ವರ್ಷದ ಹುಡುಗಿ ಒಬ್ಬಳು. ಅವಳು ಸ್ಕೂಲಿನ ವಿದ್ಯಾರ್ಥಿ ಕೌನ್ಸಿಲ್‌ಗೆ ಆಯ್ಕೆಯಾಗಿದ್ದಳು, ರಾಜಕಾರಣ ಹೇಗಿರುತ್ತೆ ಅಂತ ನೋಡಲು ಪಕ್ಕದ ಮನೆಯವರ ಜತೆ ಬಂದಿದ್ದಳು.

ಕೆಲಸಕ್ಕೆ ಸೇರಿ ವಾರವೂ ಆಗದ ಒಬ್ಬ 20 ವರ್ಷದ ಇಂಟರ್ನ್ ಗುಂಡಿನ ಸದ್ದಿನ ಕಡೆಗೇ ಓಡಿ, ಅವರ ಹಣೆ ಒತ್ತಿ ಹಿಡಿದು ಕೂತ. ಗುಂಡು ತುಂಬಿಕೊಳ್ಳುವಾಗ ಆ ಹಂತಕನನ್ನು ಕೆಡವಿದವರೂ ಅಲ್ಲಿ ನಿಂತಿದ್ದ ಸಾಮಾನ್ಯ ಜನ. ಆಸ್ಪತ್ರೆ ಮುಂದಿನ ಹುಲ್ಲಿನ ಮೇಲೆ ಜನ ಹೂವು, ಮೇಣದಬತ್ತಿ, ಟೆಡ್ಡಿ ಬೊಂಬೆ ಇಟ್ಟು ಇಟ್ಟು ಕಾಲಿಡಲು ಜಾಗ ಇರಲಿಲ್ಲ. ನನ್ನ ರೂಮ್‌ಮೇಟ್ ಗುಲ್ಬರ್ಗದವನು, ಎಲ್ಲಿಂದಲೋ ಒಂದು ಹಣತೆ ಹೊಂದಿಸಿ ತಂದ. ಗಾಳಿಗೆ ಆರಿಹೋಗುತ್ತಿತ್ತು, ನಾವಿಬ್ಬರೂ ಕೈ ಅಡ್ಡ ಹಿಡಿದು ಕೂತಿದ್ದೆವು.

ಗಿಫರ್ಡ್ಸ್ ಬದುಕಿದರು. ಆದರೆ ಮಾತು ಹೋಯಿತು. ಹೇಳಬೇಕಾದ್ದು ತಲೆಯಲ್ಲಿ ಇರುತ್ತೆ, ಪದ ಬಾಯಿಗೆ ಬರೋದಿಲ್ಲ. ಹಾಡಿನ ಮೂಲಕ ಒಂದೊಂದೇ ಪದ ವಾಪಸ್ ಕಲಿಸಿದರು. ಮಾತೇ ಬಂಡವಾಳ ಆದ ಕೆಲಸದಲ್ಲಿ ಮಾತೇ ಹೋದರೆ? 2012ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. 2013ರ ಜನವರಿಯಲ್ಲಿ ಸೆನೆಟ್ ಸಮಿತಿ ಮುಂದೆ ಕೂತು, ತುಂಬ ಮಕ್ಕಳು ಸಾಯುತ್ತಿದ್ದಾರೆ, ನೀವು ಏನಾದರೂ ಮಾಡಲೇಬೇಕು, ಧೈರ್ಯ ಮಾಡಿ ಅಂದರು. ಒಂದೊಂದು ಪದಕ್ಕೂ ಎಷ್ಟು ಹೊತ್ತು! ಏಪ್ರಿಲ್‌ನಲ್ಲಿ ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆಯ ಪ್ರಸ್ತಾಪಕ್ಕೆ 54 ಓಟು ಬಿತ್ತು. ಬೇಕಿದ್ದದ್ದು 60.

ಇದು ಬಂಡವಾಳ ಅಂದರೆ ಇಷ್ಟು ನಷ್ಟದ ವ್ಯಾಪಾರ ಯಾರು ಮಾಡುತ್ತಾರೆ ಹೇಳಿ.

ತುಂಗಾತೀರ
ಆ ಹಣತೆ... ಬರೆದದ್ದಕ್ಕೆ ಥ್ಯಾಂಕ್ಸ್ ಸರ್. ಗಿಫರ್ಡ್ಸ್ ಅವರ ಯಜಮಾನರು ಗಗನಯಾತ್ರಿ ಅಲ್ವಾ?

ಟೂಸಾನ್ ಬಿಸಿಲು
ಹೌದು, ಮಾರ್ಕ್ ಕೆಲ್ಲಿ. ಗುಂಡೇಟಾಗಿ ನಾಲ್ಕು ತಿಂಗಳಿಗೆ, 2011ರ ಮೇ ತಿಂಗಳಲ್ಲಿ ಎಂಡೆವರ್ ನೌಕೆಯ ಕಮಾಂಡರ್ ಆಗಿ ಹೋದರು. ಆಕೆ ಫ್ಲೋರಿಡಾಕ್ಕೆ ಬಂದು ಉಡಾವಣೆ ನೋಡಿದರು. 2020ರಲ್ಲಿ ಅರಿಜೋನಾದಿಂದ ಸೆನೆಟ್‌ಗೆ ಗೆದ್ದರು, ಅದೂ ಮೆಕೇನ್ ಅವರ ಸೀಟಿಗೇ.

ಚುರುಮುರಿ
ಗಂಡ ಆಕಾಶದಲ್ಲಿ, ಹೆಂಡತಿ ಆಸ್ಪತ್ರೆಯಲ್ಲಿ. ನಮ್ಮ ಮನೇಲಿ ನಾನು ಜ್ವರ ಬಂದಾಗ ಕ್ರಿಕೆಟ್ ನೋಡಿದರೂ ಜಗಳ.

ಶರಾವತಿ ಎಕ್ಸ್‌ಪ್ರೆಸ್
ಮ್ಯಾಕ್ಸ್ ಕ್ಲೀಲಂಡ್ ಹೆಸರು ಯಾರೂ ಹೇಳಲಿಲ್ಲ. 1968ರ ಏಪ್ರಿಲ್, ವಿಯೆಟ್ನಾಂ. ಹೆಲಿಕಾಪ್ಟರಿನಿಂದ ಇಳಿದು, ನೆಲದ ಮೇಲೆ ಬಿದ್ದಿದ್ದ ಗ್ರೆನೇಡ್ ಎತ್ತಿಕೊಳ್ಳಲು ಬಗ್ಗಿದರು. ಸಿಡಿಯಿತು. ಎರಡೂ ಕಾಲು, ಬಲಗೈ ಹೋಯಿತು. 25 ವರ್ಷ ವಯಸ್ಸು. ಅದು ತನ್ನ ಬೆಲ್ಟಿನಿಂದಲೇ ಬಿದ್ದದ್ದು, ತಪ್ಪು ತನ್ನದೇ ಅಂತ 30 ವರ್ಷ ನಂಬಿಕೊಂಡೇ ಬದುಕಿದರು. 1999ರಲ್ಲಿ, ಅವತ್ತು ಅಲ್ಲೇ ಇದ್ದ ಒಬ್ಬರು ಫೋನ್ ಮಾಡಿ, ಅದು ನಿಮ್ಮದಲ್ಲ, ಬೇರೆ ಹುಡುಗನದು ಅಂದರು.

ಇಷ್ಟಾಗಿಯೂ ಜಾರ್ಜಿಯಾದ ಸೆನೆಟರ್ ಆದರು. 2002ರ ಚುನಾವಣೆಯಲ್ಲಿ ಎದುರಾಳಿ ಕಡೆಯವರು ಟಿವಿ ಜಾಹೀರಾತು ಮಾಡಿದರು: ಒಸಾಮಾ ಬಿನ್ ಲಾಡೆನ್ ಮುಖ, ಸದ್ದಾಂ ಮುಖ, ಆಮೇಲೆ ಕ್ಲೀಲಂಡ್ ಮುಖ. ದೇಶ ಕಾಯೋದಕ್ಕೆ ಧೈರ್ಯ ಇಲ್ಲ ಅನ್ನುವ ಅರ್ಥದಲ್ಲಿ. ಮೂರು ಅಂಗ ಕೊಟ್ಟವರಿಗೆ! ಸೋತರು. ರಿಪಬ್ಲಿಕನ್ ಆಗಿದ್ದ ಮೆಕೇನ್ ಅವರೇ ಇದು ಖಂಡನೀಯ ಅಂದಿದ್ದರು.

ಹಾಗಾಗಿ ನೋವು ತೋರಿಸಿದರೆ ಓಟು ಬರುತ್ತೆ ಅನ್ನೋದೇ ಸುಳ್ಳು.

ಬೆಂಕಿಪೊಟ್ಟಣ
ಹಾಗಾದರೆ ನನ್ನ ಮಾತನ್ನೇ ನೀವು ಗಟ್ಟಿ ಮಾಡಿದಿರಿ. ಗಾಯಕ್ಕೂ ಅಲ್ಲಿ ಪಕ್ಷ ಇದೆ. ನಮ್ಮವನ ಗಾಯ ಆದರೆ ತ್ಯಾಗ, ಎದುರಿನವನದಾದರೆ ಏನೂ ಅಲ್ಲ. 2004ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜಾನ್ ಕೆರಿಗೆ ಹಾಗೇ ಮಾಡಿದರು, ವಿಯೆಟ್ನಾಂ ಪದಕಗಳೇ ಸುಳ್ಳು ಅಂತ ಗುಲ್ಲೆಬ್ಬಿಸಿದರು.

ಮಂಡ್ಯಹೈದ
ಏನ್ ಗುರೂ, ಎಲ್ಲಾ ಹೇಳಿದ್ರಿ, ನಮ್ಮ ಜಿಲ್ಲೆಯವರನ್ನ ಬಿಟ್ರಿ. ವಿವೇಕ್ ಮೂರ್ತಿ! ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ಸರ್ಕಾರದ ಮುಖ್ಯ ವಕ್ತಾರ) ಆಗಿದ್ದವರು, ಅವರ ಮೂಲ ನಮ್ಮ ಮಂಡ್ಯದ ಹಲ್ಲೇಗೆರೆ. ಬಂದೂಕು ಕೂಡ ಆರೋಗ್ಯದ ಸಮಸ್ಯೆ ಅಂತ ಹಿಂದೆ ಹೇಳಿದ್ದಕ್ಕೆ ಒಂದು ವರ್ಷ ಅವರ ನೇಮಕವನ್ನೇ ತಡೆದಿದ್ದರು. 2014ರ ಡಿಸೆಂಬರ್‌ನಲ್ಲಿ 51ಕ್ಕೆ 43 ಓಟಲ್ಲಿ ಪಾಸಾಯಿತು. ಹೋದರು, ಮತ್ತೆ 2021ರಲ್ಲಿ ಬಂದರು. ಕೋವಿಡ್‌ನಲ್ಲಿ ತಮ್ಮ ಬಂಧುಗಳಲ್ಲೇ ಹತ್ತು ಜನ ಹೋದರು ಅಂತ ವೈಟ್ ಹೌಸಿನಲ್ಲಿ ನಿಂತು ಹೇಳಿದರು. ಕೊನೆಗೆ 2024ರ ಜೂನ್‌ನಲ್ಲಿ ಬಂದೂಕು ಹಿಂಸೆ ಆರೋಗ್ಯದ ಬಿಕ್ಕಟ್ಟು ಅಂತ ಅಧಿಕೃತವಾಗೇ ಬರೆದರು. ಹತ್ತು ವರ್ಷ ಆದ್ಮೇಲೂ ಅದೇ ಮಾತು, ನೋಡಿ.

ಅವರಪ್ಪ ಅಮ್ಮ ಮಯಾಮಿಯಲ್ಲಿ ಕ್ಲಿನಿಕ್ ನಡೆಸುತ್ತಿದ್ದರು. ಮೂರ್ತಿ ಚಿಕ್ಕ ಹುಡುಗ ಆಗಿದ್ದಾಗ ಒಬ್ಬ ರೋಗಿ ಸತ್ತರಂತೆ. ಅವರ ಹೆಂಡತಿ ರಾತ್ರಿ ಒಬ್ಬರೇ ಇರ್ತಾರಲ್ಲ ಅಂತ ಮಕ್ಕಳನ್ನೂ ಎಬ್ಬಿಸಿ ಕಾರಲ್ಲಿ ಕೂರಿಸಿಕೊಂಡು ಹೋದರಂತೆ. ಸೀರೆ ಉಟ್ಟ ಅಮ್ಮ ಆ ಟ್ರೈಲರ್ ಮನೆ ಮೆಟ್ಟಿಲು ಹತ್ತಿ, ಆಕೆಯನ್ನು ತಬ್ಬಿಕೊಂಡದ್ದು ಇನ್ನೂ ಕಣ್ಣಿಗೆ ಕಟ್ಟಿದೆ ಅಂತಾರೆ. ಸಾವಿನ ಮನೆಗೆ ಹೋಗಿ ಕೂರೋದು ನಮ್ಮ ಕಡೆ ಎಲ್ಲರೂ ಮಾಡ್ತಾರೆ, ಅಲ್ವಾ? ಅಲ್ಲಿ ಅದೇ ದೊಡ್ಡ ಕಥೆ.

ಬೆಳಗಾವಿ ಕುಂದಾ
ಹಂಗಾದ್ರ ನಮ್ಮ ಚಿಕ್ಕೋಡಿಯಾಗ ಹುಟ್ಟಿದ ಶ್ರೀ ಥಾಣೇದಾರ್ ಡೆಟ್ರಾಯಿಟ್‌ನಿಂದ ಸಂಸದ ಆಗಿದ್ದಾರಲ್ಲ, 2022ರಲ್ಲಿ ಗೆದ್ದರು.

ಚುರುಮುರಿ
ಅವರು ಮರಾಠಿ ಮಾತಾಡೋರಲ್ವಾ?

ಬೆಳಗಾವಿ ಕುಂದಾ
ಶುರು ಆತು ನೋಡ್ರಿ.

ನಿರ್ವಾಹಕರು
ಗಡಿ ವಿವಾದ ಇಲ್ಲಿ ಬೇಡ. ಅದಕ್ಕೆ ಬೇರೆ ಚರ್ಚೆ ಇದೆ, 400 ಉತ್ತರ ಆಗಿ ಬೀಗ ಹಾಕಿದ್ದೇವೆ.

ಹಳೇಮೇಷ್ಟ್ರು
ಅದು ಮುಗಿಯಿತಲ್ಲ, ಸರಿ. ತುಂಗಾ ಅವರಿಗೆ ಎದುರಾ ಎದುರು ಪಕ್ಷದ ಸ್ನೇಹ ಇಷ್ಟ ಆಗಿದೆಯಲ್ಲ, ಇನ್ನೊಂದು ಜೋಡಿ ಹೇಳುತ್ತೇನೆ.

1942ರಲ್ಲಿ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಯಿಂದ ಎಬ್ಬಿಸಿ ಶಿಬಿರಗಳಿಗೆ ತಳ್ಳಿದರು. ಸ್ಯಾನ್ ಹೊಸೆಯ ಹತ್ತು ವರ್ಷದ ನಾರ್ಮನ್ ಮಿನೆಟಾ ಕೈಯಲ್ಲಿ ಬೇಸ್‌ಬಾಲ್ ಬ್ಯಾಟ್ ಹಿಡಿದು ರೈಲು ಹತ್ತಲು ಹೋದ. ಬ್ಯಾಟಿನಲ್ಲಿ ಹೊಡೆಯಬಹುದು ಅಂತ ಸೈನಿಕರು ಕಿತ್ತುಕೊಂಡರು. ವಯೋಮಿಂಗ್‌ನ ಹಾರ್ಟ್ ಮೌಂಟನ್ ಶಿಬಿರಕ್ಕೆ ಹಾಕಿದರು. ಪಕ್ಕದ ಊರಿನ ಬಾಯ್ ಸ್ಕೌಟ್ ಹುಡುಗರು ಒಂದು ದಿನ ಮುಳ್ಳುತಂತಿ ದಾಟಿ ಒಳಗೆ ಬಂದರು. ಅವರಲ್ಲಿ ಅಲನ್ ಸಿಂಪ್ಸನ್ ಅಂತ ಒಬ್ಬ ಹುಡುಗ. ಇಬ್ಬರಿಗೂ ಒಂದೇ ಟೆಂಟ್. ಕೆಳಗಿನ ಟೆಂಟಿನಲ್ಲಿ ಒಬ್ಬ ಪುಂಡ ಹುಡುಗ ಇದ್ದ. ಇವರು ತಮ್ಮ ಟೆಂಟಿನ ಸುತ್ತ ತೋಡಿದ ಕಾಲುವೆಯನ್ನು ಅವನ ಕಡೆಗೇ ತಿರುಗಿಸಿದರು. ರಾತ್ರಿ ಮಳೆ ಬಂತು. ಮುಂದಿನದು ನೀವೇ ಊಹಿಸಿ.

ಮಿನೆಟಾ ಡೆಮಾಕ್ರಟ್ ಸಂಸದ ಆದರು, ಸಿಂಪ್ಸನ್ ರಿಪಬ್ಲಿಕನ್ ಸೆನೆಟರ್. 1988ರಲ್ಲಿ ಆ ಶಿಬಿರಗಳಿಗೆ ಸರ್ಕಾರ ಕ್ಷಮೆ ಕೇಳಿ, ಬದುಕಿದ್ದ ಒಬ್ಬೊಬ್ಬರಿಗೂ 20,000 ಡಾಲರ್ ಕೊಡುವ ಕಾನೂನಿಗೆ ಇಬ್ಬರೂ ಎರಡೂ ಕಡೆಯಿಂದ ದುಡಿದರು. ಮಿನೆಟಾ ಬ್ಯಾಟಿನ ಕಥೆ ಕೇಳಿ ಯಾರೋ ಪುಣ್ಯಾತ್ಮರು ಬೆಲೆಬಾಳುವ ಬ್ಯಾಟ್ ಒಂದನ್ನು ಉಡುಗೊರೆ ಕಳಿಸಿದರು. ಸಂಸದರು ಅಷ್ಟು ದುಬಾರಿ ಉಡುಗೊರೆ ತಗೊಳ್ಳುವ ಹಾಗಿಲ್ಲ ಅಂತ ವಾಪಸ್ ಕೊಡಬೇಕಾಯಿತು. "ಹಾಳು ಸರ್ಕಾರ ನನ್ನ ಬ್ಯಾಟ್ ಮತ್ತೆ ಕಿತ್ತುಕೊಂಡಿತು" ಅಂದರಂತೆ.

2001ರ ಸೆಪ್ಟೆಂಬರ್ 11ರಂದು ಸಾರಿಗೆ ಮಂತ್ರಿ ಅವರೇ. ಅರಬರು, ಮುಸ್ಲಿಮರು ಅಂತ ಮುಖ ನೋಡಿ ವಿಮಾನದಿಂದ ಇಳಿಸಬೇಡಿ ಅಂತ ಏರ್‌ಲೈನ್‌ಗಳಿಗೆ ಸೂಚನೆ ಹೋದದ್ದು ಅವರ ಇಲಾಖೆಯಿಂದ. ನೀಲಿಲಂಗ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ ನೋಡಿ.

ನೀಲಿಲಂಗ
ಮೇಷ್ಟ್ರೇ 🙏 ಇದು ನನಗೆ ಗೊತ್ತೇ ಇರಲಿಲ್ಲ.

ಬೆಂಕಿಪೊಟ್ಟಣ
ಸರಿ, ಎಲ್ಲರೂ ನನ್ನನ್ನು ಕಟುಕ ಅಂತ ತೀರ್ಮಾನ ಮಾಡುವ ಮುಂಚೆ ಒಂದು ಮಾತು. ತುಂಗಾ ಅವರು ನೋಡಿ ಅತ್ತ ವಿಡಿಯೊ 2012ರ ಡಿಸೆಂಬರ್ 20ರದು. ಅದಕ್ಕೆ 16 ದಿನ ಮುಂಚೆ, ಡಿಸೆಂಬರ್ 4ಕ್ಕೆ, ಇದೇ ಡೋಲ್ ಸೆನೆಟ್‌ಗೆ ಬಂದಿದ್ದರು. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದಕ್ಕೆ ಅವತ್ತು ಓಟು. ಹೆಂಡತಿ ಎಲಿಜಬೆತ್ ವ್ಹೀಲ್‌ಚೇರ್ ತಳ್ಳಿಕೊಂಡು ಬಂದರು, ಆಕೆಯೂ ಮಾಜಿ ಸೆನೆಟರ್. ಇವರ ಪಕ್ಷದವರು ಒಬ್ಬೊಬ್ಬರೇ ಬಂದು ಮಾತಾಡಿಸಿ ಹೋದರು. ಆಮೇಲೆ ಹೋಗಿ ಅವರಲ್ಲಿ 38 ಜನ ವಿರುದ್ಧ ಓಟು ಹಾಕಿದರು. 61 ಬಿತ್ತು, 66 ಬೇಕಿತ್ತು. ಬಿದ್ದುಹೋಯಿತು.

ನನ್ನ ಸಿಟ್ಟು ಇರೋದು ಇಲ್ಲಿ. ಅಳೋದು, ಕೈಕುಲುಕೋದು, ಗೌರವ, ಎಲ್ಲ ಪುಕ್ಕಟೆ. ಓಟು ಮಾತ್ರ ಕೊಡಲ್ಲ. ನಮ್ಮಪ್ಪ ಪೋಲಿಯೊ ಆದವರು. ಕಚೇರಿಗಳ ಮೆಟ್ಟಿಲ ಮುಂದೆ ಅವರನ್ನು ಎಷ್ಟೋ ಸಲ ಎತ್ತಿಕೊಂಡು ಹೋಗಿದ್ದೇನೆ. ಒಳಗಿದ್ದವರೆಲ್ಲ ಅಯ್ಯೋ ಪಾಪ ಅನ್ನುತ್ತಿದ್ದರು. ಒಂದು ಇಳಿಜಾರು ಮಾಡಿಸಲು ಯಾರ ಕೈಯಲ್ಲೂ ಆಗಲಿಲ್ಲ.

ಎಡಿಸನ್ ಅಕ್ಕ
ತಮ್ಮಾ, ಇದನ್ನು ಮೊದಲೇ ಹೇಳಿದ್ದರೆ ನಿನ್ನ ಜತೆ ಜಗಳವನ್ನೇ ಆಡುತ್ತಿರಲಿಲ್ಲ.

ಬೆಂಕಿಪೊಟ್ಟಣ
ಜಗಳ ಆಡಿ ಅಕ್ಕಾ, ಪರವಾಗಿಲ್ಲ.

ತುಂಗಾತೀರ
ಬೆಂಕಿಪೊಟ್ಟಣ ಅವರೇ, ನಿಮ್ಮದನ್ನು ಎರಡು ಸಲ ಓದಿದೆ. ಆಮೇಲೆ ಯಜಮಾನರನ್ನು ಕೂರಿಸಿ, ಡಿಸೆಂಬರ್ 4ರ ಫೋಟೊ ಮೊದಲು, 20ರ ವಿಡಿಯೊ ಆಮೇಲೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಓಟು ಕೇಳೋ ದಿನ ಎದ್ದು ನಿಲ್ಲಬಹುದಿತ್ತಲ್ಲ, ಕುರ್ಚೀಲೇ ಕೂತಿದ್ದಾರೆ. ಸತ್ತವನ ಮುಂದೆ ಯಾಕೆ ಎದ್ದರು, ಅವನಿಗೆ ಓಟೇ ಇಲ್ಲ?"

ನಾನೂ ಹಾಗೆ ಯೋಚನೆ ಮಾಡಿರಲಿಲ್ಲ. ಅಷ್ಟು ಹೇಳಿ ಅವರು ಹಾಲು ತರಲು ಹೋದರು.

ಧಾರವಾಡ ಫೇಡೆ
ಯಜಮಾನರನ್ನ ಈ ಕಡೆ ಮೆಂಬರ್ ಮಾಡಿಸ್ರಿ ಮೊದಲು.

ಶರಾವತಿ ಎಕ್ಸ್‌ಪ್ರೆಸ್
ಡೋಲ್ ಬಲಗೈಯಲ್ಲಿ ಯಾವಾಗಲೂ ಒಂದು ಪೆನ್ ಇರುತ್ತಿತ್ತು, ಗಮನಿಸಿದ್ದೀರಾ? ಆ ಕೈ ಕೆಲಸ ಮಾಡುತ್ತಿರಲಿಲ್ಲ. ಜನ ಕುಲುಕಲು ಬರಬಾರದು ಅಂತ ಪೆನ್ ಹಿಡಿದಿರುತ್ತಿದ್ದರು. ಯುದ್ಧದಿಂದ ಬಂದಾಗ ಕ್ಯಾನ್ಸಸ್‌ನ ರಸೆಲ್ ಅನ್ನುವ ಅವರ ಪುಟ್ಟ ಊರಿನವರು ಔಷಧಿ ಅಂಗಡಿಯಲ್ಲಿ ಸಿಗಾರ್ ಡಬ್ಬಿ ಇಟ್ಟು ಆಪರೇಶನ್‌ಗೆ ಚಿಲ್ಲರೆ ಕೂಡಿಸಿದರಂತೆ. ಆಪರೇಶನ್ ಮಾಡಿದ ಡಾಕ್ಟರ್ ವಲಸೆ ಬಂದ ಅರ್ಮೇನಿಯನ್ ಮೂಲದವರು, ಫೀಸೇ ತಗೊಳ್ಳಲಿಲ್ಲ. ಆ ಡಬ್ಬಿಯನ್ನು ಡೋಲ್ ಕೊನೆ ತನಕ ಇಟ್ಟುಕೊಂಡಿದ್ದರು.

ಚುರುಮುರಿ
ಮೇಷ್ಟ್ರೇ ಒಂದು ಡೌಟು. ಆ ಆಸ್ಪತ್ರೆಯಲ್ಲಿ ಇನೋಯೆ ಇಸ್ಪೀಟಿನಲ್ಲಿ ಎಲ್ಲರಿಗಿಂತ ಮುಂದಿದ್ದರು ಅಂತ ಈಗಷ್ಟೇ ಓದಿದೆ, ಬ್ರಿಡ್ಜ್ ಆಟ. ಒಬ್ಬೊಬ್ಬರಿಗೆ 13 ಎಲೆ. ಒಂದೇ ಕೈಯಲ್ಲಿ ಎಲೆ ಹಿಡಿಯೋದು ಯಾವುದರಲ್ಲಿ, ಇಳಿಸೋದು ಯಾವುದರಲ್ಲಿ?

ಹಳೇಮೇಷ್ಟ್ರು
ಅದು ನನಗೂ ಗೊತ್ತಿಲ್ಲಪ್ಪ.

ಬೆಂಕಿಪೊಟ್ಟಣ
ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದು ಎಡಗೈ ಹೋದಾಗ ಅವರದೇ ಒಂದು ಉಪಾಯ ಇತ್ತು. ಬಟ್ಟೆ ಒಗೆಯುವ ಬ್ರಷ್ಷನ್ನು ಅಂಗಾತ ಇಟ್ಟು, ಅದರ ಕೂದಲ ನಡುವೆ ರಮ್ಮಿ ಎಲೆ ಸಿಕ್ಕಿಸುತ್ತಿದ್ದರು. ಚೆನ್ನಾಗಿ ನಿಲ್ಲುತ್ತಿತ್ತು. ಒಂದೇ ತೊಂದರೆ, ಬೆಳಿಗ್ಗೆ ದೊಡ್ಡಮ್ಮ ಬಟ್ಟೆ ಒಗೆಯಲು ಹೋದರೆ ಬ್ರಷ್ಷಿನಲ್ಲಿ ಇಸ್ಪೀಟ್ ಜೋಕರ್ ಇರುತ್ತಿತ್ತು.